ಕುಡಿಯದವನ ಹಳದಿ ಕಣ್ಣು

"ಬೆರಳು ಕೊಡ್ರಿ!"

ಸೂಜಿ ಹಿಡಿದು ಮುಖ ಎತ್ತಿದ ಸುವರ್ಣಾ ಚುಚ್ಚುವುದನ್ನೇ ಮರೆತಳು. ಇವನೇ! ಅಪ್ಪ ತೋರಿಸಿದ ಫೋಟೋದ ಅನಿಲ, ಮಸೂತಿ ಊರಿನ ಸಾಲಿ ಮಾಸ್ತರ. ರವಿವಾರ ತನ್ನನ್ನು ನೋಡಲು ಬರಬೇಕಾದವನು ಇವತ್ತೇ ಮುದ್ದೇಬಿಹಾಳದ ಈ ಲ್ಯಾಬಿನಲ್ಲಿ, ಚಳಿಜ್ವರಕ್ಕೆ ಶಾಲು ಹೊದ್ದು ಕೂತಿದ್ದಾನೆ.

"ಕನ್ಯಾ ನೋಡೋದು ಇವತ್ತ ಮುಗೀತೇನ್ರಿ?" ನಡುಗುತ್ತಲೇ ನಕ್ಕ ಅನಿಲ.

"ಮೊದಲ ರಕ್ತ ನೋಡೋಣ್ರಿ!" ಅವಳಿಗೂ ನಗು ತಡೆಯಲಿಲ್ಲ.

ಸಂಜೆಯ ಹೊತ್ತಿಗೆ ಆ ನಗು ಆರಿತ್ತು. ಸ್ಲೈಡಿನಲ್ಲಿ ಮಲೇರಿಯಾ ಕಾಣಲಿಲ್ಲ. ಒಂದರೊಳಗಿರಬೇಕಾದ, ಕಾಮಾಲೆ ತೋರಿಸುವ ಬಿಲಿರುಬಿನ್ ಮಾತ್ರ ಮೂರು ದಾಟಿತ್ತು. ಅವಳ ಸೋದರಮಾವ ಕುಡಿದು ಕುಡಿದು ಹೀಗೇ ಹಳದಿಯಾಗಿ ತೀರಿಹೋಗಿದ್ದ.

'ಇನ್ನೊಬ್ಬ ಕುಡುಕ... ಬ್ಯಾಡಪ್ಪಾ!'

ಮನೆಗೆ ಹೋದವಳೇ ಅಪ್ಪನಿಗೆ ಹೇಳಿಬಿಟ್ಟಳು. ಸಂಬಂಧ ಮುರಿಯಿತು. ಕಾರಣವೂ ಮಸೂತಿ ಮುಟ್ಟಿತು.

ಉಳಿದ ಪರೀಕ್ಷೆಗೆಂದು ಬಿಜಾಪುರಕ್ಕೆ ಕಳಿಸಿದ್ದ ಅನಿಲನ ರಕ್ತದ ರಿಪೋರ್ಟು ನಾಲ್ಕನೇ ದಿನ ಬಂತು. ಒಂದೂವರೆ ಲಕ್ಷವಾದರೂ ಇರಬೇಕಾದ ಪ್ಲೇಟ್‌ಲೆಟ್ ಐವತ್ತೆಂಟು ಸಾವಿರ! ಹಿಮೋಗ್ಲೋಬಿನ್ ಎಂಟು! ಲ್ಯಾಬಿನ ಹಿರಿಯ ಫಕ್ರುದ್ದೀನ ಚಾಚಾ ಕನ್ನಡಕ ಏರಿಸಿದರು.

"ಚಳಿಜ್ವರ, ಪ್ಲೇಟ್‌ಲೆಟ್ ಬಿದ್ದೈತಿ, ರಕ್ತ ಒಡದು ಕಣ್ಣು ಹಳದಿ... ಇಂಥಾವ್ರಿಗೆ ಮತ್ತ ಮತ್ತ ಸ್ಲೈಡ್ ನೋಡಬೇಕವ್ವಾ. ಒಮ್ಮೆ ಸಿಗಲಿಲ್ಲಂದ್ರ ಮಲೇರಿಯಾ ಇಲ್ಲಂತಲ್ಲ."

ಸುವರ್ಣಾ ರಿಪೋರ್ಟನ್ನು ಮತ್ತೊಮ್ಮೆ ಓದಿದಳು. 'ದೇವರೇ, ನಾ ಏನ್ ಮಾಡಿದೆ!'

ಸ್ಲೈಡು ತಗೊಂಡು ಮಸೂತಿಯ ಬಸ್ ಹತ್ತಿದಳು. ಬಾಗಿಲಲ್ಲೇ ಅನಿಲನ ತಾಯಿ ಕಸ್ತೂರೆವ್ವ ಅಡ್ಡ ನಿಂತಳು. ಕೈಯಲ್ಲಿ ಕಾಮಾಲೆಗೆಂದು ಅರೆದ ನೆಲನೆಲ್ಲಿ ರಸ. ಮೂರು ದಿನದಿಂದ ಮಗನಿಗೆ ಅದೊಂದೇ ಔಷಧ, ಉಪ್ಪಿಲ್ಲದ ಮಜ್ಜಿಗೆ ಅನ್ನವೇ ಪಥ್ಯ.

"ನನ್ನ ಮಗನ್ನ ಕುಡುಕ ಅಂದಾಕಿ, ಯಾವ ಮುಖ ಹೊತ್ತು ಬಂದಿ?"

"ಆಮ್ಯಾಗ ಎಷ್ಟರ ಬೈರಿ ಯವ್ವಾ. ಈಗ ಅವರ ಬೆರಳು ಕೊಡಸ್ರಿ!"

ಮೂರು ಕೌದಿಯೊಳಗೆ ಅನಿಲ ಗಡಗಡ ನಡುಗುತ್ತಿದ್ದ. ಅವಳು ಯಾರೆಂದೂ ಗುರುತು ಹಿಡಿಯಲಿಲ್ಲ.

ಲ್ಯಾಬಿಗೆ ಮರಳಿ ನೋಡಿದರೆ, ಈ ಸಲ ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ರೋಗಾಣುವಿನ ಉಂಗುರಗಳು ಕಂಡೇಬಿಟ್ಟವು. ಆವತ್ತೇ ಆಸ್ಪತ್ರೆಗೆ ಸೇರಿಸಿದರು. ಆರನೇ ದಿನ ಜ್ವರ ಬಿಟ್ಟು, ಅನಿಲ ದಿಂಬಿಗೆ ಒರಗಿ ಕೂತ.

ಸುವರ್ಣಾ ಮಂಚದ ಹತ್ತಿರ ಬಂದು ನಿಂತಳು.

"ರಿಪೋರ್ಟಿನಾಗ ಕುಡಿತ ಅಂತ ಇರಲಿಲ್ರಿ. ಅದನ್ನ ನಾನ ಓದಕೊಂಡೆ. ಲ್ಯಾಬಿನ ಮಾತು ಮನಿಗೆ ಒಯ್ದದ್ದಂತೂ ದೊಡ್ಡ ತಪ್ಪು..." ಕಣ್ಣೀರು ಉಕ್ಕಿತು.

ಅನಿಲ ಮುಖವನ್ನು ಕಿಟಕಿಯತ್ತ ತಿರುಗಿಸಿದ.

"ಸಾಲಿ ಹುಡುಗ್ರು 'ಮಾಸ್ತರ ಕುಡೀತಾರಂತ' ಅಂದ್ರಂತ್ರಿ. ಜ್ವರಕ್ಕಿಂತ ಅದ ಹೆಚ್ಚು ಸುಟ್ಟಿತು."

"ನಾನ ಬಂದು ಊರಾಗ ಒಬ್ಬೊಬ್ಬರಿಗೂ ಖರೇ ಹೇಳ್ತೇನಿ!"

"ಒಬ್ಬೊಬ್ಬರಿಗೆ? ಭಾಳ ದಿನ ಹಿಡೀತೈತಲ್ರಿ..."

"ಹಿಡೀಲಿ."

"ಊರಾಗ ಇರಬೇಕಾಗ್ತೈತಿ." ಅವನ ಒಣಗಿದ ತುಟಿಯಲ್ಲಿ ನಗು ಇಣುಕಿತು. "ನಮ್ಮ ಮನಿಯಾಗ..."

ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮವ್ವ ಒಳಗ ಬಿಟ್ರ... ಇರ್ತೇನಿ."