ಜಡೆಪ್ಪನ ಕೈಗಡಿಯಾರ

ಮಲ್ಲೇಶನ ಹೆಣ ಸಿಕ್ಕಿದ್ದು ಬೆಳಿಗ್ಗೆ ಆರೂವರೆಗೆ. ವಡ್ಡು ಎಂಬ ಊರಿನಾಚೆ, ಅದಿರು ರಾಶಿ ಹಾಕುವ ಯಾರ್ಡಿನಲ್ಲಿ. ಲಾರಿ ತೂಗುವ ವೇಬ್ರಿಜ್‌ನ ಗುಮಾಸ್ತ ಅವನು. ಇಪ್ಪತ್ತೆಂಟು ತುಂಬಿರಲಿಲ್ಲ. ತೂಕದ ಕೋಣೆಯ ಹಿಂದೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗಕ್ಕೆ ಕಬ್ಬಿಣದ ಸರಳಿನ ಏಟು. ಬಲಗೈ ಮುಷ್ಟಿಯಲ್ಲಿ ಒಂದು ಕೈಗಡಿಯಾರ.

ಹೆಡ್ ಕಾನ್‌ಸ್ಟೆಬಲ್ ತಾಯಕ್ಕ ಮಂಡಿಯೂರಿ ನೋಡಿದಳು. ದಿನವೂ ಕೀಲಿ ಕೊಡುವ ಹಳೇ ಮಾದರಿ. ಹಳದಿ ತಿರುಗಿದ ಮುಖ. ಮಬ್ಬಾದ ಗಾಜು. ನಾಲ್ಕರ ಅಂಕಿಯ ಮೇಲೆ ಬಿರುಕು. ಸಂದಿಯಲ್ಲೆಲ್ಲ ಕೆಂಪು ಧೂಳು.

"ಯಾರದು ಇದು?" ಇನ್ಸ್‌ಪೆಕ್ಟರ್ ಅಭಯ ಕೇಳಿದರು.

ಯಾರ್ಡಿನ ಕಾವಲುಗಾರ ತಾಯಪ್ಪ ತಡವರಿಸಿದ. "ಲಾರಿ ಡ್ರೈವರ್ ಜಡೆಪ್ಪ ಇಂಥದ್ದ ಕಟ್ಟತಿದ್ದ ನೋಡ್ರಿ..."

ಅಷ್ಟರಲ್ಲಿ ಕಂಪನಿಯ ಜೀಪು ಬಂತು. ಇಳಿದವನು ಅಚ್ಯುತ. ಜನವರಿಯವರೆಗೆ ಇದೇ ಯಾರ್ಡಿನ ಮೇಲ್ವಿಚಾರಕನಾಗಿದ್ದ. ಈಗ ಹೊಸಪೇಟೆ ಕಚೇರಿಯ ಮ್ಯಾನೇಜರ್. ಹೆಣ ಕಂಡು ಕರ್ಚೀಫಿನಿಂದ ಮುಖ ಒರೆಸಿಕೊಂಡ. ಗಡಿಯಾರ ನೋಡಿ ತಲೆಯಾಡಿಸಿದ.

"ಇಂಥದ್ದಲ್ಲ, ಇದು ಜಡೆಪ್ಪಂದೇ. ನಾಕರ ಮೇಲಿನ ಬಿರುಕು ನೋಡ್ರಿ. ಹದಿನೈದು ದಿನದ ಹಿಂದೆ ಇಬ್ಬರಿಗೂ ಜಗಳ ಆಗಿತ್ತು. ಮಲ್ಲೇಶ್ ಅವನ ಲಾರಿ ನಿಲ್ಲಿಸಿದ್ದ. 'ನಿನ್ನ ನೋಡಿಕೊಳ್ತೀನಿ' ಅಂದಿದ್ದನಂತೆ."

ಮಧ್ಯಾಹ್ನದ ಹೊತ್ತಿಗೆ ಜಡೆಪ್ಪ ಲಾಕಪ್ಪಿನಲ್ಲಿದ್ದ.

*

"ನನ್ನ ಗಡಿಯಾರ ಹೊಳಿ ಪಾಲಾತ್ರಿ," ಎಂದ ಜಡೆಪ್ಪ. "ಜುಲೈದಾಗ ಬುಕ್ಕಸಾಗರದ ಹತ್ರ ಹರಗೋಲಿನ್ಯಾಗ ದಾಟಾಕತ್ತಿದ್ದೆ. ಪಟ್ಟಿ ಕಿತ್ತು ನೀರಿಗೆ ಬಿತ್ತು."

"ಯಾರು ನೋಡಿದ್ದಾರೆ?" ಎಂದರು ಇನ್ಸ್‌ಪೆಕ್ಟರ್.

"ನನ್ನ ಹೇಣ್ತಿ."

ಹೆಂಡತಿಯ ಸಾಕ್ಷಿ ಯಾವ ಲೆಕ್ಕಕ್ಕೆ ಎಂದು ಇನ್ಸ್‌ಪೆಕ್ಟರ್ ಎದ್ದು ಹೋದರು. ಸಿಟ್ಟಿನ ಮಾತು ಆಡಿದ್ದನ್ನು ಜಡೆಪ್ಪ ಅಲ್ಲಗಳೆಯಲಿಲ್ಲ. ಗೋಡೆಗೆ ತಲೆಯಾನಿಸಿ ಕೂತುಬಿಟ್ಟ.

ಠಾಣೆಯ ಮೆಟ್ಟಿಲ ಮೇಲೆ ಅವನ ಹೆಂಡತಿ ಯಲ್ಲಕ್ಕ ಕೂತಿದ್ದಳು. ಅತ್ತು ಕರೆದು ಮಾಡಲಿಲ್ಲ. ತಾಯಕ್ಕ ಹೊರಗೆ ಬಂದಾಗ ಒಂದೇ ಮಾತು ಕೇಳಿದಳು.

"ಅದು ಇವರದ ಅಂತ ಗಡಿಯಾರ ರಿಪೇರಿ ಮಾಡೋನು ಹೇಳ್ಯಾನೇನ್ರಿ ಅಕ್ಕಾರ? ಹೊಸಪೇಟೆ ಮೂಕಪ್ಪ. ನಮ್ಮಪ್ಪ ಮದುವ್ಯಾಗ ಕೊಟ್ಟಾಗಿಂದ ಅದರ ರಿಪೇರಿ ಎಲ್ಲಾ ಅವನ ಮಾಡ್ಯಾನ."

ಬೆಳಿಗ್ಗೆಯಿಂದ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ತಾಯಕ್ಕನೂ ಕೇಳಿರಲಿಲ್ಲ. ನಾಚಿಕೆಯಾಯಿತು. ಇನ್ಸ್‌ಪೆಕ್ಟರರ ಮುಂದೆ ನಿಂತು, ಗಡಿಯಾರವನ್ನು ಮೂಕಪ್ಪನಿಗೆ ತೋರಿಸಲು ಅನುಮತಿ ಕೇಳಿದಳು.

"ಸಂಜೆಯೊಳಗೆ ವಾಪಸು ತರಬೇಕು," ಎಂದರು ಅವರು, ತಲೆಯೆತ್ತದೆ.

*

ಹೊಸಪೇಟೆಯ ಮೂಕಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ. ಗಡಿಯಾರವನ್ನು ಬೆಳಕಿಗೆ ಹಿಡಿದ. ತಿರುಗಿಸಿದ.

"ಇದು ಹಳೇದು ಆಗಿದ್ದಲ್ರಿ ಮೇಡಂ. ಹಳೇದು ಮಾಡಿದ್ದು."

"ಹಂಗಂದ್ರ?"

"ಗೀರು ನೋಡ್ರಿ. ಎಲ್ಲಾ ಒಂದ ಕಡೀಗೆ ಅದಾವು. ಸ್ಯಾಂಡ್ ಪೇಪರಿನಾಗ ತಿಕ್ಯಾರ. ಹನ್ನೆರಡು ವರ್ಷ ಕೈಯಾಗಿದ್ದ ಗಾಜಿಗೆ ಹತ್ತು ಕಡೆಯಿಂದ ಗೀರು ಬೀಳತಾವ. ಮುಖಕ್ಕ ಚಾ ಡಿಕಾಕ್ಷನ್ ಸವರ್ಯಾರ, ಅಂಚಿನಾಗ ಇನ್ನೂ ಬೆಳ್ಳಗೈತಿ. ಧೂಳು ಎಣ್ಣಿಯೊಳಗ ಕಲಸಿ ಮೆತ್ತ್ಯಾರ. ಪಟ್ಟಿಗೂ ಬಣ್ಣ ಕೆಡಿಸ್ಯಾರ, ಆದ್ರ ಒಂದು ತೂತೂ ಅಗಲಾಗಿಲ್ಲ. ಯಾರೂ ಇದನ್ನ ಕಟ್ಟೇ ಇಲ್ಲ."

ಹಿಂದಿನ ಮುಚ್ಚಳ ಬಿಚ್ಚಿದ. ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು.

"ರಿಪೇರಿ ಮಾಡಿದಾಗೊಮ್ಮೆ ನಾವು ಇಲ್ಲಿ ಸೂಜೀಲೆ ತಾರೀಖು ಕೊರೀತೀವ್ರಿ. ಜಡೆಪ್ಪನ ಗಡಿಯಾರದಾಗ ನನ್ನ ಗುರುತು ಐದಾರು ಅದಾವು. ಇದರಾಗ ಒಂದೂ ಇಲ್ಲ."

"ಆದ್ರ ಬಿರುಕು? ಜಡೆಪ್ಪನ ಗಡಿಯಾರಕ್ಕ ನಾಕರ ಮ್ಯಾಲೆ ಬಿರುಕಿತ್ತಂತಲ್ಲ."

"ಇತ್ರಿ. ಯುಗಾದಿ ಮುಂದ ನಾನ ಆ ಗಾಜು ತಗದು ಹೊಸಾದು ಹಾಕೀನಿ. ಹಬ್ಬದ ದಿನ ಒಡದ ಗಾಜು ಬ್ಯಾಡ ಅಂತ ಯಲ್ಲಕ್ಕ ಹಟ ಹಿಡದಿದ್ಲು."

ತಾಯಕ್ಕ ಸ್ಟೂಲಿನ ಮೇಲೆ ಕೂತಳು. ಬೆಳಿಗ್ಗೆ ಕೇಳಿದ ಒಂದು ಮಾತು ಕಿವಿಯಲ್ಲಿ ಮತ್ತೆ ಮೊಳಗಿತು.

*

ಮರುದಿನ ತಾಯಕ್ಕ ಮೊದಲು ಹಿಡಿದದ್ದು ಕಾವಲುಗಾರ ತಾಯಪ್ಪನನ್ನು. ಗಡಿಯಾರದ ಗುರುತು ಮೊದಲು ಹೇಳಿದವನು ಅವನೇ. ಕೊಲೆಯಾದ ರಾತ್ರಿ ಯಾರ್ಡಿನಲ್ಲಿ ಕಾವಲಿದ್ದವನೂ ಅವನೊಬ್ಬನೇ.

"ಯುಗಾದಿ ಆದ ಮ್ಯಾಲೆ ಜಡೆಪ್ಪನ ಗಡಿಯಾರದ ಗಾಜು ಹೆಂಗಿತ್ತು?"

"ಹೊಸಾದು ಹಾಕಿಸಿದ್ದ್ರಿ. ಮಿಂಚತಿತ್ತು. ನಾವೆಲ್ಲ ಚಾಷ್ಟಿ ಮಾಡತಿದ್ವಿ. ಆಮ್ಯಾಲೆ ಹೊಳ್ಯಾಗ ಕಳಕೊಂಡೆ ಅಂತ ಬರೇ ಕೈಲೆ ಬಂದ."

"ನಿನ್ನೆ ಯಾಕ ಹೇಳಲಿಲ್ಲ?"

ತಾಯಪ್ಪ ನೆಲ ನೋಡಿದ. "ಅಚ್ಯುತ ಸಾಹೇಬ್ರು ಅದ ಅಂದ್ಮ್ಯಾಲೆ ನಾ ಹೆಂಗ ಅಲ್ಲ ಅನ್ಲಿ? ಮೊನ್ನೆ ರಾತ್ರಿ ಮಲ್ಲೇಶನ ಕೂಡ ಕುಂತು ತೂಕದ ಚೀಟಿ ನೋಡೋದೈತಿ ಅಂತ ಅವರ ಬಂದಿದ್ರು. ನನಗ ಊಟಕ್ಕ ಹೋಗು ಅಂದ್ರು. ಬಂದದ್ದು ಯಾರಿಗೂ ಹೇಳಬ್ಯಾಡ, ನೌಕ್ರಿ ಹೋಗತೈತಿ ಅಂದ್ರು."

ತಾಯಕ್ಕ ಎಲ್ಲವನ್ನೂ ಇನ್ಸ್‌ಪೆಕ್ಟರ್‌ಗೆ ಹೇಳಿದಳು. ಅವರು ಗಡಿಯಾರದ ಹಿಂದಿನ ನಂಬರು ಬರೆದುಕೊಂಡು ಸುತ್ತಲಿನ ಊರುಗಳ ಗಡಿಯಾರದಂಗಡಿಗಳಿಗೆಲ್ಲ ಜನ ಅಟ್ಟಿದರು. ಸಂಜೆಗೆ ಕಂಪ್ಲಿಯಿಂದ ಸುದ್ದಿ ಬಂತು.

*

ಹೊಸಪೇಟೆ ಕಚೇರಿಯಲ್ಲಿ ಅಚ್ಯುತ ಅಭಯ, ತಾಯಕ್ಕ ಇಬ್ಬರಿಗೂ ಕುರ್ಚಿ ತೋರಿಸಿದ.

"ಒಂದು ಸಣ್ಣ ವಿಷಯ್ರಿ ಸರ್," ಎಂದಳು ತಾಯಕ್ಕ. "ಜಡೆಪ್ಪನ ಕೈಯಾಗ ಆ ಗಡಿಯಾರ ಕಡೀಗೆ ನೋಡಿದ್ದು ಯಾವಾಗ?"

"ಹೋದ ವಾರ. ಲಾರಿ ತಗೊಂಡು ಈ ಕಡೆ ಬಂದಿದ್ದ."

"ಬಿರುಕು ಸುದ್ದಾ ನೋಡಿದ್ರಿ?"

"ನೋಡಿದೆ. ಅದೇ ಅಲ್ವಾ ಗುರುತು?"

"ಬಿರುಕಿನ ಗಾಜು ಯುಗಾದಿಗೇ ಹೋತ್ರಿ. ಗಡಿಯಾರ ಜುಲೈದಾಗ ಹೋತು. ದಿನಾ ಜಡೆಪ್ಪನ ನೋಡೋರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದಾಂವ ಒಬ್ಬನ. ಜನವರಿದಾಗ ಯಾರ್ಡು ಬಿಟ್ಟು ಬಂದಾಂವ. ಅವನಿಗೆ ನೆನಪಿದ್ದದ್ದು ಹಳೇ ಬಿರುಕು. ಹೊಸ ಗಡಿಯಾರ ತಂದು, ನೆನಪಿದ್ದಂಗ ಹಳೇದು ಮಾಡ್ಯಾನ."

ಅಚ್ಯುತ ನೀರಿನ ಲೋಟಕ್ಕೆ ಕೈ ಚಾಚಿದ.

"ಕಂಪ್ಲಿ ಅಂಗಡಿಯವರು ಹೊರಗೆ ಜೀಪಿನಲ್ಲಿದ್ದಾರೆ," ಎಂದರು ಅಭಯ. "ಈ ಕಾಲದಲ್ಲಿ ಕೀಲಿ ಗಡಿಯಾರ ಕೇಳಿಕೊಂಡು ಬಂದವರನ್ನು ಅವರು ಮರೆತಿಲ್ಲ. ಕರೆಸಲೋ, ನೀವೇ ಹೇಳುತ್ತೀರೋ?"

ಅಚ್ಯುತ ಹೇಳಿದ. ಅದಿರು ಸಾಗಿಸುವ ಒಂದೇ ಪರ್ಮಿಟ್ಟಿನ ಮೇಲೆ ಹಲವು ಲಾರಿ ದಾಟಿಸುತ್ತಿದ್ದ. ಮಲ್ಲೇಶ್ ಸುಳ್ಳು ಚೀಟಿ ಬರೆಯಲು ಒಪ್ಪಲಿಲ್ಲ. ಪರ್ಮಿಟ್ಟು ಕೊಡುವ ಅರಣ್ಯ ಇಲಾಖೆಗೆ ಹೇಳುತ್ತೇನೆಂದ. ಅದೇ ಹೊತ್ತಿಗೆ ಜಡೆಪ್ಪನ ಜಗಳದ ಸುದ್ದಿ ಬಂತು. ವಾರವಿಡೀ ಮನೆಯ ಬಚ್ಚಲಲ್ಲಿ ಕೂತು ಗಡಿಯಾರ ತಿಕ್ಕಿದ. ಕೊಂದ ಮೇಲೆ ಅದನ್ನು ಹೆಣದ ಮುಷ್ಟಿಗೆ ತುರುಕಿದ.

*

ಮಲಪನಗುಡಿಯಲ್ಲಿ ಮಲ್ಲೇಶನ ತಾಯಿ ಸಂಗಮ್ಮ ಬಾಗಿಲಲ್ಲೇ ಕೂತಿದ್ದಳು. ಒಳಗೆ, ಆಸ್ಪತ್ರೆಯಿಂದ ತಂದ ಹೆಣ. ಗಂಡ ತೀರಿ ವರ್ಷಗಳಾಗಿದ್ದವು. ತಾಯಕ್ಕ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು.

ಸಂಗಮ್ಮ ಕೇಳಿದಳು. "ಹಂಗಾರ ಆ ಡ್ರೈವರನ ಕೂಡ ಜಗಳ ಯಾಕಾಡಿದ ನನ್ನ ಮಗ?"

"ಅವನ ಲಾರಿ ಬ್ರೇಕು ಸರಿ ಇರಲಿಲ್ಲಂತ್ರಿ ಅಮ್ಮಾರ. ಘಾಟಿನಾಗ ಸಾಯ್ತೀ, ರಿಪೇರಿ ಮಾಡಿಸಿಕೊಂಡು ಬಾ ಅಂತ ನಿಲ್ಲಿಸಿದ್ದ."

"ಬಿಟ್ರೇನು ಅವನ್ನ?"

"ಬಿಟ್ಟಾರ. ಬೀದಿ ತುದ್ಯಾಗ ನಿಂತಾನ. ಬರಾಕ ಅಂಜತಾನ."

ಸಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಎದ್ದಳು.

"ಹೆಗಲು ಕೊಡಾಕ ನಮ್ಮ ಮನಿಯಾಗ ಗಂಡಸರಿಲ್ಲ," ಎಂದಳು. "ಅವಗ ಮುಂದ ನಿಲ್ಲಂತ ಹೇಳ್ರಿ."