ತಳದ ನೀರಿನ ಉಸಿರು

“ಮೇಡಂ, ನಿಮ್ಮ ಬಾಟ್ಲಿ ಸುಳ್ಳು ಹೇಳ್ತಿದೆ!”

ಪ್ರಯೋಗಾಲಯದ ಬಾಗಿಲಲ್ಲಿ ಎಣ್ಣೆಗೈಯಲ್ಲೇ ನಿಂತಿದ್ದ ಎಂಜಿನಿಯರ್. ಮೂರು ವಾರ ಫೋನಿನಲ್ಲಷ್ಟೇ ಕೇಳಿದ್ದ ದನಿಗೆ ಇಂದು ಮುಖ ಬಂದಿತ್ತು. ಅವಳು ಕೈಲಿದ್ದ ಸೀಸೆ ಕೆಳಗಿಟ್ಟು ಆ ಮುಖವನ್ನೇ ನೋಡಿದಳು.

“ಬಾಟ್ಲಿಗೆ ನಿಮ್ಮ ಮೇಲೆ ಏನು ಹಗೆ ಸಾರ್?”

ಊರಿಗೆಲ್ಲ ನೀರುಣಿಸುವ ಜಲಾಶಯದ ತಳದಲ್ಲಿ ಆಮ್ಲಜನಕ ಬತ್ತಿ, ನಲ್ಲಿನೀರು ನಾರತೊಡಗಿತ್ತು. ತಳಕ್ಕೆ ಕೊಳವೆ ಇಳಿಸಿ ಆಮ್ಲಜನಕ ಊಡಲು ಬಂದವನು ಅವನು. ಆ ನೀರನ್ನು ಪರೀಕ್ಷಿಸುವವಳು ಅವಳು. ಮದ್ದು ಹನಿಸಿದರೆ ಉಸಿರಿರುವ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ್ದು ಬಿಳಿ. ಮೂರು ವಾರವೂ ಬಿಳಿಯೇ! ಇಂದೂ ಹಾಗೇ ಆದರೆ ಯಂತ್ರ ಬಿಚ್ಚಬೇಕು, ಅವನು ಹೊರಡಬೇಕು.

“ಇಲ್ಲದ್ದನ್ನ ಇದೆ ಅಂತ ಬರೆಯೋಕೆ ನಂಗೆ ಕೈ ಬರಲ್ಲ.”

ಅವನು ದಡದ ಯಂತ್ರದತ್ತ ನಡೆದ.

‘ಹೋಗ್ಲಿ ಬಿಡು ಅನ್ನೋಕೂ ಮನಸ್ಸಾಗ್ತಿಲ್ವಲ್ಲ, ದೇವರೇ...’ ಅಂದುಕೊಂಡಳು ಅವಳು.

ಅಂದಿನ ನೀರು ತರಲು ಹೊರಟ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ ಅವಳ ಚಿಕ್ಕಪ್ಪ ನಕ್ಕರು. “ಏನಮ್ಮಾ, ನೀರಿಗಿಂತ ನಿನ್ನ ಮುಖವೇ ಕದಡಿದೆ?”

“ಸುಮ್ನಿರಿ ಚಿಕ್ಕಪ್ಪ!”

ಎಂದಿನಂತೆ ಅರವತ್ತನೇ ಅಡಿಯ ಗಂಟಿನವರೆಗೆ ಸೀಸೆ ಕಟ್ಟಿದ ಹಗ್ಗ ಇಳಿಸಿದಳು. ದಿನಾ ಚಿಕ್ಕಪ್ಪ ಎತ್ತುತ್ತಿದ್ದ ಸೀಸೆಯನ್ನು ಇಂದು ಸಿಟ್ಟಿಗೆ ತಾನೇ ಎತ್ತಿದಳು. ಬುಡಕ್ಕೆಲ್ಲ ಕಪ್ಪು ಕೆಸರು!

“ಇದೇನು ಚಿಕ್ಕಪ್ಪ?!”

“ದಿನಾ ಇರುತ್ತಲ್ಲ! ನಿನ್ನ ಕೈ ಕೊಳೆಯಾಗ್ಬಾರ್ದು ಅಂತ ನಾನೇ ಬುಡ ತೊಳೆದು ಕೊಡ್ತಿದ್ದೆ. ಬೇಸಿಗೆಗೆ ನೀರು ನಾಲ್ಕಡಿ ಇಳಿದಿದೆ, ನಿನ್ನ ಗಂಟು ಅಲ್ಲೇ ಇದೆ.”

ಅಯ್ಯೋ... ಇಷ್ಟು ದಿನ ತಂದಿದ್ದು ಕೆಸರಿನೊಳಗಿನ ನೀರು!

ಒಂದಾಳೆತ್ತರ ಮೇಲಕ್ಕೆ ಹಿಡಿದು ಮತ್ತೆ ತುಂಬಿಸಿದಳು. ದೋಣಿಯಲ್ಲೇ ಮದ್ದು ಹನಿಸಿದಳು.

ಕಂದು! ಗಾಢ ಕಂದು!

ದಡದಲ್ಲಿ ಅವನು ಆಸೆ ಬಿಟ್ಟು ಆಗಲೇ ಕೊಳವೆಯ ಬೋಲ್ಟ್ ಸಡಿಲಿಸುತ್ತಿದ್ದ.

“ನಿಲ್ಸಿ! ತಪ್ಪು ನಂದು... ನೀರು ಇಳಿದದ್ದು ನೋಡದೆ ಕೆಸರಿಗೇ ಬಾಟ್ಲಿ ಇಳಿಸ್ತಿದ್ದೆ. ನಿಮ್ಮ ಯಂತ್ರ ಗೆದ್ದಿದೆ!”

ಸೀಸೆಯನ್ನು ಬಿಸಿಲಿಗೆ ಹಿಡಿದ ಅವನ ಕಣ್ಣು ತೇವವಾಯಿತು.

“ಯಂತ್ರ ಉಳೀತು... ನಾನು?”

“ಅದನ್ನೂ ವರದೀಲಿ ಬರೀಬೇಕಾ?” ತಲೆ ತಗ್ಗಿಸಿದಳು. “ಹೋಗ್ಬೇಡಿ.”

“ದಿನಾ ಫೋನಲ್ಲಿ ಬೈಸ್ಕೊಂಡೂ ನಾಳೆ ಯಾವಾಗ ಆಗುತ್ತೋ ಅಂತ ಕಾಯ್ತಿದ್ದೆ, ಗೊತ್ತಾ?”

“ಬೈದು ಮುಗಿದ ಮೇಲೆ ನಾನೂ...”

“ನೀವೂ?”

“ಫೋನ್ ಕೆಳಗಿಡೋಕೆ ಮನಸ್ಸೇ ಬರ್ತಿರ್ಲಿಲ್ಲ.”

ದೋಣಿಯಿಂದ ಚಿಕ್ಕಪ್ಪ ಕೆಮ್ಮಿದರು. ಇಬ್ಬರಿಗೂ ಕೇಳಿಸಲಿಲ್ಲ.