ಹಾಡು ಹೋಗಿ ಕೂತ ಜಾಗ

ಭಾಗ್ಯ ಸಿಪ್ಪೆಯನ್ನು ಮೊರಕ್ಕೆ ಹಾಕಿ, ಶೇಂಗಾ ಕಾಳನ್ನು ಸಿಪ್ಪೆಯ ಗುಡ್ಡೆಗೆ ಎಸೆದಳು. ಇದು ಮೂರನೇ ಸಲ.

“ಕೈ ಇಲ್ಲೈತಿ, ಮನಸ್ಸೆಲ್ಲೈತಿ?” ಎಂದಳು ಅವ್ವ ಶಂಕರಮ್ಮ, ಕಾಳುಗಳನ್ನು ಗುಡ್ಡೆಯಿಂದ ಆರಿಸಿ ತೆಗೆಯುತ್ತಾ.

ಭಾಗ್ಯಳ ಮನಸ್ಸು ಶಾಲೆಯ ಲ್ಯಾಪ್‌ಟಾಪಿನಲ್ಲಿತ್ತು.

ಅವರ ಊರು ಹೊಳಗುಂದದಲ್ಲಿ ನೆಟ್ ಬಂದಾಗ ಬಂತು, ಹೋದಾಗ ಹೋಯಿತು. ಅದಕ್ಕೇ ಸೋಮಶೇಖರಪ್ಪ ಸಾರ್ ಕನ್ನಡದ ಪಾಠ, ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುತ್ತಿದ್ದರು. ಅದಕ್ಕೊಂದು ಪುಕ್ಕಟೆ ಪ್ರೋಗ್ರಾಂ ಇತ್ತು. ಎಲ್ಲೆಲ್ಲೋ ಇರುವ ಜನ ಸೇರಿ ಮಾಡಿದ್ದು. ಅದರ ಒಳಗೆ ಏನು ಬರೆದಿದೆ ಎಂದು ಯಾರು ಬೇಕಾದರೂ ನೋಡಬಹುದು, ತಿದ್ದಿಯೂ ಕೊಡಬಹುದು ಎಂದು ಸಾರ್ ಹೇಳಿದ್ದರು. ಲಿಂಕ್ ಹಾಕಬೇಕು, ಯಾವ ಫೋಲ್ಡರ್ ಎಂದು ಹೇಳಬೇಕು, ಬಟನ್ ಒತ್ತಬೇಕು. ಅಷ್ಟೇ.

ಸೋಮವಾರ ಊಟದ ಬಿಡುವಿನಲ್ಲಿ ಭಾಗ್ಯ ಒಂದು ಮಳೆ ಹಾಡು ಡೌನ್‌ಲೋಡ್ ಮಾಡಿದ್ದಳು. ‘ಹಾಡು’ ಫೋಲ್ಡರನ್ನೇ ಆರಿಸಿದ್ದಳು. ಅವಳು ಎದ್ದ ಮೇಲೆ ಗೆಳತಿ ನಾಗಜ್ಯೋತಿ ಅಲ್ಲಿ ಕೂತಿದ್ದಳು.

ಬಿಡುವು ಮುಗಿದ ಮೇಲೆ ಸಾರ್ ‘ಆಡಿಯೊ’ ಫೋಲ್ಡರಿನ ಒಂದನೇ ಫೈಲ್ ತೆರೆದರು. ಅದರಲ್ಲಿ ಜ್ಯೋತಿಯ ತಾತ ಉಚ್ಚೀರಪ್ಪ ಕುರಿ ಕರೆಯುವ ದನಿಗಳಿದ್ದವು. ಮರಿಗೆ ಒಂದು, ಟಗರಿಗೆ ಒಂದು, ನೀರಿಗೆ ಕರೆಯಲು ಇನ್ನೊಂದು. ತಾತ ನಾಚಿಕೊಂಡು, ಗೋಡೆಯ ಕಡೆ ಮುಖ ಮಾಡಿ ರೆಕಾರ್ಡ್ ಮಾಡಿಸಿದ್ದ. ಈಗ ಅವನು ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದಾನೆ. ಮಳೆಗಾಲಕ್ಕೇ ವಾಪಸು.

ಫೈಲಿನಿಂದ ತಾತನ ದನಿ ಬರಲಿಲ್ಲ. ಮಳೆ ಹಾಡು ಬಂತು. ತಾತನ ದನಿ ಅಳಿಸಿಹೋಗಿತ್ತು.

ಲ್ಯಾಪ್‌ಟಾಪಿನ ಮುಂದೆ ಕೊನೆಗೆ ಕೂತವರು ಯಾರೆಂದು ಸಾರ್ ಕೇಳಿದರು. ಜ್ಯೋತಿ ಎದ್ದು ನಿಂತಳು. ಭಾಗ್ಯ ಕೂತೇ ಇದ್ದಳು. ಹಾಡು ನನ್ನದು, ಆದರೆ ನಾನು ಅದನ್ನು ಇಲ್ಲಿ ಇಟ್ಟಿಲ್ಲವಲ್ಲ ಎಂದು ಅವಳು ಯೋಚಿಸುತ್ತಿರುವಾಗಲೇ ಬೆಲ್ ಹೊಡೆಯಿತು.

ಅವತ್ತಿನಿಂದ ಜ್ಯೋತಿಯ ಹೆಸರು ‘ಡಿಲೀಟ್’ ಆಗಿಬಿಟ್ಟಿತು. “ಏ ಡಿಲೀಟ್, ನನ್ನ ಬುಕ್ ಮುಟ್ಟಬ್ಯಾಡಲೇ, ಅಕ್ಷರ ಹೋಗ್ತಾವ,” ಎಂದು ಕ್ಲಾಸಿನ ಆಂಜಿ ದಿನಾ ರೇಗಿಸುತ್ತಿದ್ದ.

ಭಾಗ್ಯ ಎಲ್ಲವನ್ನೂ ಅವ್ವನಿಗೆ ಹೇಳಿದಳು. ಫೋಲ್ಡರ್ ಅಂದರೇನೆಂದು ಅವ್ವನಿಗೆ ಗೊತ್ತಿರಲಿಲ್ಲ. ಡಬ್ಬಿ ಇದ್ದಂಗ ಎಂದು ತಿಳಿಸಿದ ಮೇಲೆ ಅವ್ವ ಒಂದೇ ಮಾತು ಕೇಳಿದಳು:

“ಹಾಡಿನ ಡಬ್ಬ್ಯಾಗ ಇಟ್ಟೀನಿ ಅಂತೀ. ಅಲ್ಲಿ ಐತೇನು ನೋಡಿದ್ಯಾ?”

ನೋಡಿರಲಿಲ್ಲ.

ಮರುದಿನ ನೋಡಿದಳು. ‘ಹಾಡು’ ಫೋಲ್ಡರಿನಲ್ಲಿ ಹಳೆಯ ಆರು ಹಾಡುಗಳಿದ್ದವು. ಮಳೆ ಹಾಡು ಇರಲಿಲ್ಲ. ಅವಳಿಗೆ ಇನ್ನೂ ಗಲಿಬಿಲಿಯಾಯಿತು. ಸಾರ್ ಮೇಜಿನ ಮುಂದೆ ನಿಂತು, ಆ ಹಾಡು ತನ್ನದೆಂದು ಕೊನೆಗೂ ಹೇಳಿದಳು.

ಸಾರ್ ಬೈಯಲಿಲ್ಲ. ತಮ್ಮ ಮುಂದೆಯೇ ಇನ್ನೊಂದು ಸಲ ಮಾಡಿಸಿದರು. ಹಾಡು ಮತ್ತೆ ‘ಆಡಿಯೊ’ಗೇ ಹೋಗಿ ಕೂತಿತು. ನೆಟ್ಟಿನಲ್ಲಿ ಹಾಡು ಇದ್ದ ಪುಟದಲ್ಲಿ ಅದಕ್ಕೆ ಕೊಟ್ಟಿದ್ದ ಹೆಸರನ್ನು ಸಾರ್ ಹುಡುಕಿ ತೋರಿಸಿದರು. ಮೊದಲಿಗೆ ಎರಡು ಚುಕ್ಕಿ, ಒಂದು ಓರೆ ಗೆರೆ. ಆಮೇಲೆ ‘ಆಡಿಯೊ’, ‘ಒಂದು’.

“ಎರಡು ಚುಕ್ಕಿ ಅಂದ್ರ, ಈ ಫೋಲ್ಡರ್ ಬಿಟ್ಟು ಹೊರಗ ನಡಿ ಅಂತ. ಪ್ರೋಗ್ರಾಂ ನಮ್ಮ ಮಾತು ಬಿಟ್ಟು ಈ ಹೆಸರಿನ ಮಾತು ಕೇಳೈತಿ. ಇವತ್ತು ಹಾಡು ಬಂತು. ಕಳ್ಳರು ಬೇಕಂತ ಇಂಥ ಹೆಸರಿಟ್ರ, ಕೆಟ್ಟ ಫೈಲು ಎಲ್ಲಿಗೆ ಬೇಕಾದ್ರೂ ಹೋಗಿ ಕುಂದ್ರತೈತಿ.”

“ಹಂಗಾದ್ರ ತಪ್ಪು ಯಾರ್ದು ಸಾರ್?”

ಸಾರ್ ಆ ಪುಟ ಮುಚ್ಚಿದರು. ಮೊದಲು ಪ್ರೋಗ್ರಾಂ ಮಾಡಿದವರಿಗೆ ಮಾತ್ರ, ಗುಟ್ಟಾಗಿ ತಿಳಿಸಬೇಕು ಎಂದರು. ಕಂಡವಳು ನೀನು, ಏನೇನು ಆಯಿತೋ ನೀನೇ ಕನ್ನಡದಲ್ಲಿ ಬರೆ, ಕೆಳಗೆ ಇಂಗ್ಲಿಷಿನಲ್ಲಿ ನಾನು ಬರೆಯುತ್ತೇನೆ ಎಂದರು.

ಹಾಡು ಯಾರದೆಂದು ಹೇಳದೆ, ಜ್ಯೋತಿ ಏನೂ ಅಳಿಸಿಲ್ಲ ಎಂದಷ್ಟೇ ಸಾರ್ ಕ್ಲಾಸಿನಲ್ಲಿ ಹೇಳಿದರು. ಆದರೂ ಆಂಜಿ ಅವಳನ್ನು ‘ಡಿಲೀಟ್’ ಎಂದೇ ಕರೆದ. ಜ್ಯೋತಿಗೂ ನಂಬಿಕೆ ಬರಲಿಲ್ಲ. ನಾನೇ ಏನೋ ಒತ್ತಿರಬೇಕು ಎಂದುಕೊಂಡು ಅವಳು ಲ್ಯಾಪ್‌ಟಾಪಿನ ಹತ್ತಿರ ಬರುವುದನ್ನೇ ಬಿಟ್ಟಳು.

ಭಾಗ್ಯಳ ಪತ್ರ ಮೊದಲ ಸಾಲಿನಲ್ಲೇ ನಿಂತಿತ್ತು. ‘ಯಾರೋ ಒಬ್ಬರು ಹಾಡು ಡೌನ್‌ಲೋಡ್ ಮಾಡಿದರು.’ ಸಾರ್ ಎರಡು ಸಲ ಕೇಳಿದರು. ಒಮ್ಮೆ ನೆಟ್ ಇಲ್ಲ ಎಂದಳು, ಒಮ್ಮೆ ಹೋಂವರ್ಕ್ ಎಂದಳು. ಸಂಕ್ರಾಂತಿ ರಜೆ ಬಂದು ಹೋಯಿತು.

ರಜೆ ಮುಗಿದ ಮೂರನೇ ದಿನ ಅವಳು ಜ್ಯೋತಿಯ ಕೈ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಎರಡು ಚುಕ್ಕಿಯ ಸಂಗತಿ, ಗುಟ್ಟಾಗಿ ಕಳಿಸುವ ಪತ್ರದ ಸಂಗತಿ ಹೇಳಿ, ಓದು ಎಂದಳು.

ಇದನ್ನು ಗುಟ್ಟಾಗಿ ಯಾಕೆ ಕಳಿಸುತ್ತೀರಿ, ಎಲ್ಲರಿಗೂ ಕಾಣುವ ಪುಟದಲ್ಲೇ ಹಾಕಬಹುದಲ್ಲ ಎಂದು ಜ್ಯೋತಿ ಕೇಳಿದಳು. ಪ್ರೋಗ್ರಾಂನ ಈ ತೂತು ಮುಚ್ಚುವ ಮೊದಲೇ ಕಳ್ಳರೂ ಓದಿಬಿಡುತ್ತಾರೆ ಎಂದಳು ಭಾಗ್ಯ. ಜ್ಯೋತಿಗೆ ಅದು ತಟ್ಟನೆ ತಿಳಿಯಿತು. “ಕುರಿ ರೊಪ್ಪದ ಬೇಲ್ಯಾಗ ಸಂದಿ ಬಿದ್ರ ನಮ್ಮ ತಾತಾನೂ ಮೊದ್ಲು ಬೇಲಿ ಕಟ್ಟತಾನ. ಆಮ್ಯಾಲ ಊರಾಗ ಹೇಳ್ತಾನ.”

ಆಮೇಲೆ ಅವಳ ಬೆರಳು ‘ಯಾರೋ’ ಎಂಬಲ್ಲಿ ನಿಂತಿತು. “ಯಾರು?”

“ನಾನು.”

“ಅವತ್ತು ನಿನಗ ಗೊತ್ತಿತ್ತೇನು?”

“ಹಾಡು ನಂದಂತ ಗೊತ್ತಿತ್ತು. ಅಲ್ಲಿಗೆ ಹೆಂಗ ಹೋತಂತ ಗೊತ್ತಿರಲಿಲ್ಲ.”

ಜ್ಯೋತಿ ಪರದೆಯಿಂದ ಬೆರಳು ತೆಗೆದಳು. ಆದರೆ ಎದ್ದು ಹೋಗಲಿಲ್ಲ. ಹೊರಗೆ ಹುಡುಗರು ಕಬಡ್ಡಿ ಆಡುವ ಸದ್ದು ಕೇಳುತ್ತಿತ್ತು. ಭಾಗ್ಯ ‘ಯಾರೋ ಒಬ್ಬರು’ ಎಂಬುದನ್ನು ಅಳಿಸಿದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

‘ಹಾಡು ಡೌನ್‌ಲೋಡ್ ಮಾಡಿದವಳು ನಾನು, ಭಾಗ್ಯ. ಅದು ನಾನು ಹೇಳಿದ ಜಾಗಕ್ಕೆ ಹೋಗದೆ ಉಚ್ಚೀರಪ್ಪ ತಾತನ ದನಿಯ ಮೇಲೆ ಹೋಗಿ ಕೂತಿತು. ತಪ್ಪು ಯಾರದೋ ನನಗೆ ಗೊತ್ತಿಲ್ಲ. ನಾಗಜ್ಯೋತಿಯದಲ್ಲ. ಅವತ್ತು ನಾನು ಸುಮ್ಮನೆ ಕೂತಿದ್ದೆ.’

ಜ್ಯೋತಿ ಅದನ್ನು ಎರಡು ಸಲ ಓದಿದಳು. ಸಾರ್ ಬಂದು ಕೆಳಗೆ ಇಂಗ್ಲಿಷ್ ಸೇರಿಸಿದರು. ಕೊನೆಯ ಸಾಲಿನ ಹತ್ತಿರ ತುಸು ತಡೆದು, ಅದನ್ನೂ ಬಿಡದೆ ಬರೆದು, ಹೊರಗೆ ಹೋದರು.

ಭಾಗ್ಯ ಪಕ್ಕಕ್ಕೆ ನೋಡಿದಳು. ಜ್ಯೋತಿ ಬೆಂಚಿನ ಮೇಲೆ ಒಂದಿಷ್ಟು ಅವಳ ಕಡೆ ಸರಿದಳು.

ಭಾಗ್ಯ ‘ಕಳಿಸು’ ಒತ್ತಿದಳು. ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಆಮೇಲೆ ಪತ್ರ ಹೋಯಿತು.